ಫಾಲ್ಟ್ ಟ್ರೀಗೆ ಯಾವ ಫ್ರೀ ಸಾಫ್ಟ್‌ವೇರ್ ಒಳ್ಳೇದು? ಒಂದು ಪೆಟ್ರೋಲ್ ಟ್ಯಾಂಕ್‌ನ ಲೆಕ್ಕ

ದಾಬಸ್‌ಪೇಟೆ ಕಡೆ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿರುವ ನನ್ನ ಕಾಲೇಜು ಗೆಳೆಯ ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ: "ಮಗಾ, ಫಾಲ್ಟ್ ಟ್ರೀ ಮಾಡ್ಬೇಕು. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳಲ್ಲ ಅಂತಿದಾರೆ ಮ್ಯಾನೇಜ್‌ಮೆಂಟ್‌ನವರು. ಫ್ರೀದು ಯಾವ್ದು ಒಳ್ಳೇದು?"

ನಾನು ಎಂಜಿನಿಯರಿಂಗ್ ಬಿಟ್ಟು ಬರವಣಿಗೆಗೆ ಬಂದು ವರ್ಷಗಳಾದವು. ಆದ್ರೂ ಈ ಥರದ ಪ್ರಶ್ನೆ ಬಂದರೆ ಕೈ ಸುಮ್ಮನಿರಲ್ಲ. ಒಂದು ವಾರ ಕೂತು ನಾಲ್ಕೈದು ಟೂಲ್‌ಗಳನ್ನು ಇಳಿಸಿಕೊಂಡು, ಒಂದೇ ಮರವನ್ನು ಎಲ್ಲದರಲ್ಲೂ ಕಟ್ಟಿ ನೋಡಿದೆ. ಅವನಿಗೆ ಒಂದು ಸಾಲಿನ ಉತ್ತರ ಕೊಡಬಹುದಿತ್ತು. ಆದರೆ ಆ ಒಂದು ಸಾಲು ಅವನನ್ನೇ ದಾರಿ ತಪ್ಪಿಸುತ್ತೆ ಅನಿಸಿ ಇದನ್ನು ಬರೆಯುತ್ತಿದ್ದೇನೆ.

ಮರ ಅಂದ್ರೆ ಏನು?

ಫಾಲ್ಟ್ ಟ್ರೀ ತಲೆಕೆಳಗಾದ ಮರ. ತುದಿಯಲ್ಲಿ ಆಗಬಾರದ ಅನಾಹುತವನ್ನು ಬರೆಯುತ್ತೀರಿ. "ಇದು ಆಗಬೇಕಾದರೆ ಮೊದಲು ಏನೇನು ಕೆಡಬೇಕು?" ಎಂದು ಕೇಳುತ್ತಾ ಕೆಳಕ್ಕೆ ಇಳಿಯುತ್ತೀರಿ. ಎರಡೂ ಒಟ್ಟಿಗೆ ಕೆಟ್ಟರೆ ಮಾತ್ರ ಅನಾಹುತ ಅಂದ್ರೆ ಅಲ್ಲಿ ಆ್ಯಂಡ್ ಗೇಟ್. ಯಾವುದೋ ಒಂದು ಕೆಟ್ಟರೂ ಸಾಕು ಅಂದ್ರೆ ಆರ್ ಗೇಟ್. ಇನ್ನು ಬಿಡಿಸಲಾಗದ ಮಟ್ಟಕ್ಕೆ ಬಂದಾಗ ನಿಲ್ಲಿಸಿ, ಆ ಮೂಲ ಘಟನೆಗಳಿಗೆ ಸಂಭವನೀಯತೆಯ ಅಂಕಿ ಕೊಡುತ್ತೀರಿ. ಅಲ್ಲಿಂದ ಮೇಲಕ್ಕೆ ಲೆಕ್ಕ.

1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಚ್.ಎ. ವಾಟ್ಸನ್ ಇದನ್ನು ಮಿನಿಟ್‌ಮನ್ ಕ್ಷಿಪಣಿಯ ಉಡಾವಣಾ ನಿಯಂತ್ರಣ ವ್ಯವಸ್ಥೆಗಾಗಿ ರೂಪಿಸಿದರು. ತಪ್ಪಿ ಕ್ಷಿಪಣಿ ಹಾರಿಬಿಟ್ಟರೆ ಗತಿಯೇನು ಅನ್ನೋದು ಪ್ರಶ್ನೆ. ಅಲ್ಲಿಂದ ಬೋಯಿಂಗ್‌ಗೆ ಹೋಯಿತು, 1975ರ ಹೊತ್ತಿಗೆ ಅಣು ರಿಯಾಕ್ಟರ್‌ಗಳಿಗೆ ಬಂತು. ಇವತ್ತು ವಿಮಾನದ ಭಾಗದಿಂದ ಕಾರಿನ ಬ್ರೇಕ್‌ವರೆಗೆ ಎಲ್ಲಾ ಕಡೆ ಇದೆ.

ನಮ್ಮ ಬೆಂಗಳೂರು ಗ್ರಾಮಾಂತರಕ್ಕೂ ಇದು ದೂರದ ಮಾತಲ್ಲ. ದೇವನಹಳ್ಳಿಯಲ್ಲಿ ಏರೋಸ್ಪೇಸ್ ಪಾರ್ಕ್ ಇದೆ, ಹೊಸಕೋಟೆಯಲ್ಲಿ ಲಾರಿ–ಬಸ್ಸು ತಯಾರಾಗುತ್ತವೆ, ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ ಕಡೆ ದೊಡ್ಡವರಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳಿವೆ. ದೊಡ್ಡ ಕಂಪನಿ ಕಳಿಸುವ ಷರತ್ತುಗಳ ಪಟ್ಟಿಯಲ್ಲಿ "ಎಫ್‌ಟಿಎ ರಿಪೋರ್ಟ್" ಅಂತ ಒಂದು ಸಾಲು ಇರುತ್ತೆ. ಆ ಸಾಲನ್ನು ತುಂಬೋ ಕೆಲಸ ಮೂವತ್ತು ಜನರ ಘಟಕದಲ್ಲಿ ಇರೋ ಒಬ್ಬನೇ ಒಬ್ಬ ಎಂಜಿನಿಯರ್‌ನ ತಲೆಗೆ ಬೀಳುತ್ತೆ.

ದೇವನಗೊಂದಿಯಿಂದ ಬನ್ಸ್‌ಫೀಲ್ಡ್‌ಗೆ

ಪರೀಕ್ಷೆಗೆ ಒಂದು ಮರ ಬೇಕಿತ್ತು. ಹೊಸಕೋಟೆ ತಾಲ್ಲೂಕಿನ ದೇವನಗೊಂದಿ ನೆನಪಾಯಿತು. ಮಂಗಳೂರಿನಿಂದ ಹಾಸನದ ಮೇಲೆ ಹಾದು ಬರುವ 362 ಕಿಲೋಮೀಟರ್ ಉದ್ದದ ಇಂಧನ ಪೈಪ್‌ಲೈನ್ ಬಂದು ಮುಟ್ಟುವುದು ಇಲ್ಲಿಗೆ. ಬೆಂಗಳೂರಿನ ಬಂಕ್‌ಗಳಿಗೆ ಹೋಗುವ ಟ್ಯಾಂಕರ್‌ಗಳು ಹೊರಡುವ ಜಾಗ. ಇಂಥ ಕಡೆ ಟ್ಯಾಂಕ್ ತುಂಬುವಾಗ ಒಂದು ವಿಚಿತ್ರ ಪರಿಸ್ಥಿತಿ ಇರುತ್ತೆ: ಎಣ್ಣೆ ತಳ್ಳುವ ಪಂಪ್ ಎಲ್ಲೋ ದೂರದಲ್ಲಿ, ತುಂಬುವ ಟ್ಯಾಂಕ್ ಇಲ್ಲಿ. ಇಲ್ಲಿ ಕರೆಂಟ್ ಹೋದರೂ ಅಲ್ಲಿನ ಪಂಪ್ ನಿಲ್ಲಬೇಕೆಂದೇನಿಲ್ಲ.

ಟ್ಯಾಂಕ್ ತುಂಬಿ ಚೆಲ್ಲಿದರೆ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಉದಾಹರಣೆ. 2005ರ ಡಿಸೆಂಬರ್ 11, ಭಾನುವಾರ ಬೆಳಗಿನ ಜಾವ. 912ನೇ ನಂಬರಿನ ಟ್ಯಾಂಕ್‌ಗೆ ಪೈಪ್‌ಲೈನ್‌ನಿಂದ ಪೆಟ್ರೋಲ್ ಬರುತ್ತಿತ್ತು. ಮೂರು ಗಂಟೆ ಸುಮಾರಿಗೆ ಮಟ್ಟ ತೋರಿಸುವ ಗೇಜ್ ಸಿಕ್ಕಿಹಾಕಿಕೊಂಡಿತು. ಪರದೆಯ ಮೇಲೆ ಗೆರೆ ಚಪ್ಪಟೆಯಾಗೇ ಇತ್ತು, ಟ್ಯಾಂಕ್ ಮಾತ್ರ ತುಂಬುತ್ತಲೇ ಇತ್ತು. ಅದಕ್ಕಂತಲೇ ಪ್ರತ್ಯೇಕವಾಗಿ ಇಟ್ಟಿದ್ದ ಹೈ ಲೆವೆಲ್ ಸ್ವಿಚ್ ಕೂಡ ಕೆಲಸ ಮಾಡಲಿಲ್ಲ. ಅದರ ಪರೀಕ್ಷಾ ಹಿಡಿಕೆಯನ್ನು ಸರಿಯಾದ ಜಾಗದಲ್ಲಿ ಹಿಡಿದಿಡಬೇಕಿದ್ದ ಬೀಗವನ್ನೇ ಹಾಕಿರಲಿಲ್ಲ. ಎರಡೂವರೆ ಲಕ್ಷ ಲೀಟರ್‌ಗಿಂತ ಹೆಚ್ಚು ಪೆಟ್ರೋಲ್ ಚೆಲ್ಲಿತು, ಆವಿಯ ಮೋಡ ಎದ್ದಿತು, ಆರು ಗಂಟೆಗೆ ಸ್ಫೋಟ. ನಲವತ್ತಕ್ಕೂ ಹೆಚ್ಚು ಜನರಿಗೆ ಗಾಯ. ಭಾನುವಾರ ಬೆಳಿಗ್ಗೆ ಆದದ್ದರಿಂದ ಯಾರೂ ಸಾಯಲಿಲ್ಲ.

ನಮ್ಮಲ್ಲಿ ಆ ಅದೃಷ್ಟ ಇರಲಿಲ್ಲ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದ ಇಂಡಿಯನ್ ಆಯಿಲ್ ಟರ್ಮಿನಲ್‌ನಲ್ಲಿ ಒಂದು ಹ್ಯಾಮರ್ ಬ್ಲೈಂಡ್ ವಾಲ್ವ್ ಬಳಿ ಪೆಟ್ರೋಲ್ ಚಿಮ್ಮಿತು. ಒಂದೂಕಾಲು ಗಂಟೆಯ ಬಳಿಕ ಸ್ಫೋಟ. 11 ಮಂದಿ ತೀರಿಕೊಂಡರು, ಬೆಂಕಿ 11 ದಿನ ಉರಿಯಿತು. ಅದನ್ನು ತನಿಖೆ ಮಾಡಿದ ಎಂ.ಬಿ. ಲಾಲ್ ಸಮಿತಿಯ ಶಿಫಾರಸುಗಳು ಆಮೇಲೆ ದೇಶದ ಎಲ್ಲ ಟರ್ಮಿನಲ್‌ಗಳಿಗೂ ಅಳತೆಗೋಲಾದವು.

ಐದು ಮೂಲ ಘಟನೆ, ಒಂದು ಮರ

ಈಗ ನಮ್ಮ ಮರ. ಇದು ಕಾಲ್ಪನಿಕ ಟ್ಯಾಂಕ್, ಅಂಕಿಗಳೂ ವಿವರಣೆಗೆ ಅಂತ ನಾನೇ ಹಾಕಿದವು. ಯಾವ ಟರ್ಮಿನಲ್‌ನದೂ ಅಲ್ಲ.

ತುದಿಯ ಘಟನೆ: ಒಂದು ಬಾರಿ ತುಂಬಿಸುವಾಗ ಟ್ಯಾಂಕ್ ಚೆಲ್ಲುವುದು. ಇದಾಗಬೇಕಾದರೆ ಎರಡು ಸಂಗತಿ ಒಟ್ಟಿಗೆ ನಡೆಯಬೇಕು. ಒಂದು, ಆಪರೇಟರ್‌ಗೆ ಗೊತ್ತಾಗಬಾರದು: ಗೇಜ್ ಸಿಕ್ಕಿಹಾಕಿಕೊಂಡಿರಬೇಕು (0.01) ಅಥವಾ ಆಪರೇಟರ್ ಗಮನಿಸದೇ ಇರಬೇಕು (0.02). ಎರಡು, ತಾನಾಗಿ ಬಂದ್ ಆಗಬಾರದು: ಹೈ ಲೆವೆಲ್ ಸ್ವಿಚ್ ಕೆಟ್ಟಿರಬೇಕು (0.01) ಅಥವಾ ವಾಲ್ವ್ ಮುಚ್ಚದೇ ಇರಬೇಕು (0.005).

ಲೆಕ್ಕ ಹಾಕಿದರೆ 0.000446. ಅಂದ್ರೆ ಸುಮಾರು 2,245 ಸಲ ತುಂಬಿಸಿದರೆ ಒಂದು ಸಲ. ಇದನ್ನು ಎಕ್ಸೆಲ್‌ನಲ್ಲಿ, ಕ್ಯಾಲ್ಕುಲೇಟರ್‌ನಲ್ಲಿ, ಯಾವ ಫ್ರೀ ಟೂಲ್‌ನಲ್ಲಿ ಹಾಕಿದರೂ ಇದೇ ಉತ್ತರ. ಕೆಲವು ಟೂಲ್‌ಗಳು ಸರಳೀಕರಿಸಿದ ಸೂತ್ರ ಬಳಸಿ 0.00045 ಅನ್ನುತ್ತವೆ. ಶೇ 1ರಷ್ಟು ವ್ಯತ್ಯಾಸ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ಐದನೇ ಘಟನೆ ಸೇರಿಸೋಣ. ಗೇಜ್ ಪರದೆಗೂ ಸ್ವಿಚ್‌ಗೂ ವಾಲ್ವ್‌ಗೂ ಒಂದೇ ಪ್ಯಾನೆಲ್‌ನಿಂದ ವಿದ್ಯುತ್ ಬರುತ್ತೆ ಅಂದುಕೊಳ್ಳಿ. ಆ ಪ್ಯಾನೆಲ್ ಕೈಕೊಡುವ ಸಂಭವ 0.005. ಕೈಕೊಟ್ಟರೆ ಪರದೆ ಕತ್ತಲು, ವಾಲ್ವ್ ತೆರೆದಂತೆಯೇ ಇರುತ್ತೆ. ಅಂದ್ರೆ ಈ ಒಂದೇ ಘಟನೆ ಮರದ ಎರಡೂ ಕೊಂಬೆಗಳಲ್ಲಿ ಬರುತ್ತೆ.

ಇಲ್ಲೇ ಎಕ್ಸೆಲ್ ಮೋಸ ಮಾಡೋದು. ಗೇಟಿಂದ ಗೇಟಿಗೆ ಮೇಲಕ್ಕೆ ಗುಣಿಸುತ್ತಾ ಹೋದರೆ ಬರುವ ಉತ್ತರ 0.00069. ಅಂದ್ರೆ 1,450 ಸಲಕ್ಕೊಮ್ಮೆ. ನೋಡೋಕೆ ಪರವಾಗಿಲ್ಲ ಅನಿಸುತ್ತೆ. ನಿಜವಾದ ಉತ್ತರ 0.00544. ಅಂದ್ರೆ 184 ಸಲಕ್ಕೊಮ್ಮೆ. ಹೆಚ್ಚುಕಡಿಮೆ ಎಂಟು ಪಟ್ಟು ತಪ್ಪು!

ಯಾಕೆ ಹೀಗೆ? ಎಕ್ಸೆಲ್ ಎಡಗೊಂಬೆಯ ಪ್ಯಾನೆಲ್ ಬೇರೆ, ಬಲಗೊಂಬೆಯ ಪ್ಯಾನೆಲ್ ಬೇರೆ ಅಂದುಕೊಂಡು 0.005ನ್ನು 0.005ರಿಂದ ಗುಣಿಸುತ್ತೆ. ಆದರೆ ಇರೋದು ಒಂದೇ ಪ್ಯಾನೆಲ್. ಅದು ಹೋದರೆ ಎರಡೂ ಕೊಂಬೆ ಒಟ್ಟಿಗೆ ಹೋದವು. ಒಳ್ಳೆ ಟೂಲ್ ಮೊದಲು "ಪ್ಯಾನೆಲ್ ಇದೆಯೋ ಇಲ್ಲವೋ?" ಎಂದು ಕೇಳಿ, ಇಲ್ಲ ಅಂದ್ರೆ ಅಲ್ಲಿಗೇ ಲೆಕ್ಕ ಮುಗಿಸುತ್ತೆ. ಇದೆ ಅಂದ್ರೆ ಮಿಕ್ಕಿದ್ದನ್ನು ಎಣಿಸುತ್ತೆ. ಹೀಗೆ ಹೌದು–ಇಲ್ಲ ಪ್ರಶ್ನೆಗಳ ಸರಣಿಯಾಗಿ ಮರವನ್ನು ಬಿಡಿಸೋ ವಿಧಾನಕ್ಕೆ ಬೈನರಿ ಡಿಸಿಷನ್ ಡಯಾಗ್ರಾಂ, ಚಿಕ್ಕದಾಗಿ ಬಿಡಿಡಿ ಅಂತಾರೆ. ಫ್ರೀ ಟೂಲ್‌ಗಳಲ್ಲಿ ನಾನು ಮೊದಲು ಹುಡುಕಿದ್ದು ಇದನ್ನೇ.

ಯಾವ ಟೂಲ್ ಹೇಗಿದೆ?

ಓಪನ್‌ಎಫ್‌ಟಿಎ: ಹೆಚ್ಚಿನವರಿಗೆ ಮೊದಲು ಸಿಗೋದು ಇದು. ಬ್ರಿಟನ್ನಿನಲ್ಲಿ ಶುರುವಾದದ್ದು, ಮುಕ್ತ ತಂತ್ರಾಂಶ. ಮೌಸ್ ಹಿಡಿದು ಮರ ಬಿಡಿಸಬಹುದು. ಯಾವ್ಯಾವ ಘಟನೆ ಒಟ್ಟಿಗೆ ಕೆಟ್ಟರೆ ಅನಾಹುತ ಅನ್ನೋ ಕನಿಷ್ಠ ಗುಂಪುಗಳನ್ನು, ಅಂದ್ರೆ ಕಟ್ ಸೆಟ್‌ಗಳನ್ನು ಪಟ್ಟಿ ಮಾಡುತ್ತೆ, ಮಾಂಟೆ ಕಾರ್ಲೊ ಸಿಮ್ಯುಲೇಷನ್ನೂ ಇದೆ. ಕಲಿಯೋಕೆ ಚೆನ್ನ. ಆದರೆ ಬಹಳ ಹಳೆಯದು. ಹೊಸ ಕಂಪ್ಯೂಟರ್‌ನಲ್ಲಿ ಕೂರಿಸೋಕೆ ಒದ್ದಾಡಬೇಕು.

ಆರ್ಬ್ರ್ ಅನಾಲಿಸ್ಟ್: ಫ್ರಾನ್ಸಿನದು. ಉಚಿತ, ಆದರೆ ಸೋರ್ಸ್ ಕೋಡ್ ಮುಕ್ತವಲ್ಲ. ವಿಂಡೋಸ್‌ನಲ್ಲಿ ಆರಾಮಾಗಿ ಓಡುತ್ತೆ, ಇಂಗ್ಲಿಷ್ ಮುಖವೂ ಇದೆ. ಒಳಗಿನ ಲೆಕ್ಕವನ್ನು ಮಾಡೋದು ಈ ಕ್ಷೇತ್ರದ ದೊಡ್ಡ ಹೆಸರು ಆಂತೊನ್ ರೋಜಿ ಅವರ ಎಕ್ಸ್‌ಎಫ್‌ಟಿಎ ಎಂಜಿನ್. ಇಲ್ಲಿವರೆಗೂ ಪವರ್‌ಪಾಯಿಂಟ್‌ನಲ್ಲೇ ಮರ ಬಿಡಿಸುತ್ತಿದ್ದವರಿಗೆ ನಾನು ಮೊದಲು ಹೇಳೋದು ಇದನ್ನೇ.

ಸ್ಕ್ರಾಮ್: ಸಿ++ನಲ್ಲಿ ಬರೆದ ಮುಕ್ತ ತಂತ್ರಾಂಶ. ಬಿಡಿಡಿ ಇದೆ, ಸರಳ ಸೂತ್ರಗಳೂ ಇವೆ. ಒಂದೇ ಕಾರಣಕ್ಕೆ ಹಲವು ಭಾಗ ಒಟ್ಟಿಗೆ ಕೆಡೋದನ್ನು ಲೆಕ್ಕ ಹಿಡಿಯುವ ಬೀಟಾ ಫ್ಯಾಕ್ಟರ್‌ನಂಥ ಮಾದರಿಗಳೂ ಇವೆ. ಮರವನ್ನು ಎಕ್ಸ್‌ಎಂಎಲ್ ಕಡತವಾಗಿ ಬರೆದು, ಕಮಾಂಡ್ ಲೈನ್‌ನಲ್ಲಿ ಓಡಿಸೋದು ಇದರ ಅಭ್ಯಾಸದ ದಾರಿ. ಕೋಡ್ ಕಂಡರೆ ಹೆದರದವರಿಗೆ ಬಲು ಗಟ್ಟಿ ಸಾಧನ. ಮೂಲ ಯೋಜನೆಯ ಬೆಳವಣಿಗೆ ಕೆಲ ವರ್ಷಗಳಿಂದ ನಿಂತಂತಿದೆ, ಅದೊಂದು ಕೊರತೆ.

ಆರ್ ಭಾಷೆಯ ಫಾಲ್ಟ್‌ಟ್ರೀ ಪ್ಯಾಕೇಜ್: ಆರ್ ಬಲ್ಲವರಿಗೆ ಹತ್ತು ಸಾಲಲ್ಲಿ ಮರ ಸಿದ್ಧ. ಇದರಲ್ಲಿ ಗೇಟಿಂದ ಗೇಟಿಗೆ ಹೋಗುವ ಸರಳ ಲೆಕ್ಕವೂ ಇದೆ, ಬಿಡಿಡಿ ಆಯ್ಕೆಯೂ ಇದೆ. ಒಂದೇ ಘಟನೆ ಎರಡು ಕಡೆ ಬರುವ ಮರವಾದರೆ ಎರಡನೆಯದನ್ನೇ ಬಳಸಿ. ಇಲ್ಲದಿದ್ದರೆ ಎಕ್ಸೆಲ್ ಕಥೆಯೇ.

ಸ್ಟಾರ್ಮ್: ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದ ಕೂಸು. "ಮೊದಲು ಇದು ಕೆಟ್ಟು, ಆಮೇಲೆ ಅದು ಕೆಟ್ಟರೆ ಮಾತ್ರ", "ಸ್ಟೆಪ್ನಿ ಇದ್ದರೆ" ಎನ್ನುವಂಥ ಕ್ರಮ–ಕಾಲದ ಸಂಬಂಧಗಳಿರುವ ಡೈನಾಮಿಕ್ ಮರಗಳಿಗೆ. ಸಂಶೋಧಕರ ಟೂಲ್. ನನ್ನ ಗೆಳೆಯನ ಕೆಲಸಕ್ಕೆ ಸದ್ಯಕ್ಕೆ ಬೇಡ.

ಹಾಗಾದರೆ ಯಾವುದು ಒಳ್ಳೇದು? ಆರ್ಬ್ರ್ ಅನಾಲಿಸ್ಟ್‌ನಲ್ಲಿ ಬಿಡಿಸಿ, ಸ್ಕ್ರಾಮ್‌ನಲ್ಲಿ ಪರಿಶೀಲಿಸಿ. ಇವೆರಡಕ್ಕೂ ಓಪನ್ ಪಿಎಸ್‌ಎ ಅನ್ನೋ ಮುಕ್ತ ಕಡತ ವಿನ್ಯಾಸ ಗೊತ್ತು. ಎರಡು ಬೇರೆ ಎಂಜಿನ್‌ಗಳು ಒಂದೇ ಉತ್ತರ ಕೊಟ್ಟರೆ ಗುಣಾಕಾರದ ಚಿಂತೆ ಬಿಡಬಹುದು.

ಟೂಲ್ ಕೊಡೋ ನಿಜವಾದ ಲಾಭ

ತುದಿಯ ಒಂದು ಅಂಕಿಗಿಂತ ಉಪಯೋಗಕ್ಕೆ ಬರೋದು "ಇದನ್ನು ಬದಲಿಸಿದರೆ ಏನಾಗುತ್ತೆ?" ಅನ್ನೋ ಪ್ರಶ್ನೆ. ನಮ್ಮ ಮರದಲ್ಲಿ ಪ್ಯಾನೆಲ್ ಒಂದೇ ಅಪಾಯದ ಶೇ 92ರಷ್ಟನ್ನು ಹೊತ್ತುಕೊಂಡಿದೆ. ಕಟ್ ಸೆಟ್ ಪಟ್ಟಿ ತೆಗೆದರೆ ಮೇಲ್ಗಡೆ ಒಂಟಿಯಾಗಿ ಕೂತಿರುತ್ತೆ. ಒಂದೇ ಘಟನೆಯ ಕಟ್ ಸೆಟ್ ಕಂಡರೆ ಎದ್ದು ಕೂರಬೇಕು.

ಹತ್ತು ಪಟ್ಟು ಉತ್ತಮವಾದ ದುಬಾರಿ ಗೇಜ್ ತಂದು ಹಾಕಿದಿರಿ ಅಂದುಕೊಳ್ಳಿ. 184 ಸಲಕ್ಕೊಮ್ಮೆ ಇದ್ದದ್ದು 188 ಸಲಕ್ಕೊಮ್ಮೆ ಆಗುತ್ತೆ, ಅಷ್ಟೆ. ಅದರ ಬದಲು, ಕರೆಂಟ್ ಹೋದ ಕೂಡಲೇ ತಾನೇ ಮುಚ್ಚಿಕೊಳ್ಳುವ ವಾಲ್ವ್ ಹಾಕಿದರೆ? ಪ್ಯಾನೆಲ್ ಬಲಗೊಂಬೆಯಿಂದ ಕಳಚಿಕೊಳ್ಳುತ್ತೆ, 1,930 ಸಲಕ್ಕೊಮ್ಮೆ ಆಗುತ್ತೆ. ಹತ್ತು ಪಟ್ಟಿಗಿಂತ ಹೆಚ್ಚು ಸುಧಾರಣೆ. ಉದ್ದದ ಪೈಪ್‌ಲೈನ್‌ನಲ್ಲಿ ವಾಲ್ವ್ ದಿಢೀರ್ ಮುಚ್ಚಿದರೆ ಒತ್ತಡದ ಅಲೆ ಏಳುತ್ತೆ, ಅದಕ್ಕೆ ಇನ್ನೊಂದು ಮರ ಬಿಡಿಸಬೇಕು, ಅದು ಬೇರೆ ಮಾತು. ಆದರೆ ದುಡ್ಡು ಎಲ್ಲಿ ಹಾಕಬೇಕು ಅನ್ನೋದನ್ನು ಮರ ಹೀಗೆ ತೋರಿಸುತ್ತೆ. ಈ ಲೆಕ್ಕಕ್ಕೆ ಲೈಸೆನ್ಸ್ ಫೀಸು ಸೊನ್ನೆ.

ಅಂಕಿ ಎಲ್ಲಿಂದ ಬಂತು?

ಈಗ ನನ್ನ ಕಥೆ ಹೇಳಲೇಬೇಕು. ಎಂಜಿನಿಯರಿಂಗ್ ಮುಗಿಸಿದ ಹೊಸತರಲ್ಲಿ ಇದೇ ಜಿಲ್ಲೆಯ ಒಂದು ಸಣ್ಣ ಘಟಕದಲ್ಲಿ ಕೆಲಸಕ್ಕಿದ್ದೆ. ವಾಹನಕ್ಕೆ ಹೋಗುವ ಒಂದು ಎಲೆಕ್ಟ್ರಾನಿಕ್ ಬೋರ್ಡು ಮಾಡುತ್ತಿದ್ದೆವು. ಗ್ರಾಹಕರು ಎಫ್‌ಟಿಎ ಕೇಳಿದರು. ಅಪಾಯಕಾರಿ ವೈಫಲ್ಯ ಹತ್ತು ಕೋಟಿ ಗಂಟೆಗೆ ಒಮ್ಮೆಗಿಂತ ಕಡಿಮೆ ಇರಬೇಕು ಅನ್ನೋದು ಷರತ್ತು. ಕಾರುಗಳ ಸುರಕ್ಷತಾ ಮಾನದಂಡ ಐಎಸ್‌ಒ 26262ರಲ್ಲಿ ಅತಿ ಕಟ್ಟುನಿಟ್ಟಿನ ವರ್ಗಕ್ಕೆ ಇರೋ ಗುರಿ ಅದು. ಕ್ರ್ಯಾಕ್ ಮಾಡಿದ ದುಬಾರಿ ಸಾಫ್ಟ್‌ವೇರ್‌ನಲ್ಲಿ ಮರ ಕಟ್ಟಿದೆ. ಬಂದ ಉತ್ತರ ಎರಡು ಕೋಟಿ ಗಂಟೆಗೆ ಒಮ್ಮೆ. ಶುಕ್ರವಾರ ರಿಪೋರ್ಟ್ ಹೋಗಬೇಕು, ಆಗ ಗುರುವಾರ ಸಂಜೆ.

ಸೀನಿಯರ್ ಒಬ್ಬರು ಪಕ್ಕ ಬಂದು ನೋಡಿ, "ಆ ಕನೆಕ್ಟರ್ ನಂಬರ್ ಒಂದ್ಸಲ ನೋಡಪ್ಪ, ಜಾಸ್ತಿ ಹಾಕಿದೀಯ ಅನ್ಸುತ್ತೆ" ಅಂದರು. ನೋಡಿದೆ. ಕಡಿಮೆ ಮಾಡಿದೆ. ಇನ್ನೂ ಒಂದೆರಡನ್ನು ಕಡಿಮೆ ಮಾಡಿದೆ. ಗುರಿ ಮುಟ್ಟಿತು. ಪಿಡಿಎಫ್ ಹೋಯಿತು, ಒಪ್ಪಿಗೆ ಬಂತು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಆ ಬೋರ್ಡಿನಿಂದ ಯಾರಿಗಾದರೂ ತೊಂದರೆಯಾಯಿತು ಅಂತ ನಾನು ಕೇಳಿಲ್ಲ. ಆದರೆ ಅದು ನನ್ನ ಲೆಕ್ಕದಿಂದ ಅಲ್ಲ ಅನ್ನೋದು ನನಗೆ ಗೊತ್ತು.

ಆ ದಿನ ನಾನು ಬಳಸಿದ್ದು ಜಗತ್ತಿನ ಅತ್ಯುತ್ತಮ ಟೂಲ್‌ಗಳಲ್ಲಿ ಒಂದು. ಗುಣಾಕಾರ ಪಕ್ಕಾ ಇತ್ತು. ಸುಳ್ಳು ಇದ್ದದ್ದು ಬೇರಿನಲ್ಲಿ. ಆ ಸುಳ್ಳನ್ನು ಯಾರೂ ಹಿಡಿಯಲಿಲ್ಲ ಯಾಕೆಂದರೆ ಕಡತ ತೆರೆದು ನೋಡೋಕೆ ಅದೇ ಸಾಫ್ಟ್‌ವೇರ್ ಬೇಕು, ಅದು ಯಾರ ಹತ್ತಿರವೂ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಚಿತ್ರ ಮಾತ್ರ.

ಬನ್ಸ್‌ಫೀಲ್ಡ್‌ನ ಗೇಜ್ ನೆನಪಿಸಿಕೊಳ್ಳಿ. ಸ್ಫೋಟಕ್ಕೆ ಮುಂಚಿನ ಮೂರು ತಿಂಗಳು ಚಿಲ್ಲರೆಯಲ್ಲಿ ಅದು 14 ಸಲ ಸಿಕ್ಕಿಹಾಕಿಕೊಂಡಿತ್ತು. ಕೆಲವು ಸಲ ಲಾಗ್‌ನಲ್ಲಿ ಬರೆದರು, ಕೆಲವು ಸಲ ಇಲ್ಲ. ಕ್ಯಾಟಲಾಗ್ ನೋಡಿ ನೂರಕ್ಕೊಂದು ಅಂತ ಬರೆಯುವವನಿಗೂ, ಲಾಗ್‌ಬುಕ್ ತೆರೆದು ಎಣಿಸುವವನಿಗೂ ಇರೋ ವ್ಯತ್ಯಾಸ ಇದೇ. ಬೀಗ ಹಾಕದ ಸ್ವಿಚ್‌ಗಂತೂ ಯಾವ ಕ್ಯಾಟಲಾಗ್‌ನಲ್ಲೂ ಅಂಕಿ ಇರಲ್ಲ. ಅದನ್ನು ಪ್ಲಾಂಟಿನಲ್ಲಿ ನಡೆದಾಡಿಯೇ ತಿಳಿಯಬೇಕು.

ಗೆಳೆಯನಿಗೆ ಕೊಟ್ಟ ಉತ್ತರ

ಹಾಗಾಗಿ ಮುಕ್ತ ಟೂಲ್‌ಗಳ ಪರ ನನ್ನ ಮುಖ್ಯ ವಾದ ದುಡ್ಡಿನದಲ್ಲ. ಓಪನ್ ಪಿಎಸ್‌ಎ ಕಡತ ಅನ್ನೋದು ಸಾದಾ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತೆ. ಗುರುವಾರ ಇದ್ದ ಅಂಕಿಗೂ ಶುಕ್ರವಾರದ ಅಂಕಿಗೂ ವ್ಯತ್ಯಾಸ ಏನು ಅನ್ನೋದನ್ನು ಗಿಟ್‌ನಂಥ ಸಾಧನ ಸಾಲು ಸಾಲಾಗಿ ತೋರಿಸುತ್ತೆ. ಪ್ರತಿ ಘಟನೆಯ ಜೊತೆ "ಈ ಅಂಕಿ ಎಲ್ಲಿಂದ ಬಂತು" ಅಂತ ಟಿಪ್ಪಣಿ ಬರೆದಿಡಬಹುದು. ನಾನು ಆವತ್ತು ಹೀಗೆ ಬರೆಯಬೇಕಾಗಿದ್ದರೆ, "ಸೀನಿಯರ್ ಹೇಳಿದರು" ಅಂತ ಬರೆಯೋಕೆ ಕೈ ನಡುಗುತ್ತಿತ್ತು.

ಆ ಕಡತವನ್ನು ಓದಬೇಕಾದವರು ಗ್ರಾಹಕರು ಮಾತ್ರವೂ ಅಲ್ಲ. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಕಾರ್ಖಾನೆಗಳಲ್ಲಿ ಆಡಳಿತ ಮತ್ತು ಕಾರ್ಮಿಕರು ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕು ಎಂದರು. 2020ರ ಸಂಹಿತೆಯಲ್ಲೂ ಸುರಕ್ಷತಾ ಸಮಿತಿಯ ಮಾತಿದೆ. ಗೇಜ್ ಎಷ್ಟು ಸಲ ಸಿಕ್ಕಿಹಾಕಿಕೊಳ್ಳುತ್ತೆ ಅನ್ನೋದು ಆ ಸಮಿತಿಯಲ್ಲಿ ಕೂರುವ ಆಪರೇಟರ್‌ಗೆ ಗೊತ್ತಿರುವಷ್ಟು ಯಾವ ಎಂಜಿನಿಯರ್‌ಗೂ ಗೊತ್ತಿರಲ್ಲ. ಕಾಂಟ್ರ್ಯಾಕ್ಟ್ ಮೇಲೆ ನೈಟ್ ಶಿಫ್ಟ್ ಮಾಡುವವನಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತೆ. ಮರವನ್ನು ಅವನ ಮುಂದೆ ಇಟ್ಟು, ಕನ್ನಡದಲ್ಲೇ "ಇದು ಸರಿ ಇದೆಯಾ?" ಅಂತ ಕೇಳೋಕೆ ಯಾವ ಸಾಫ್ಟ್‌ವೇರೂ ಬೇಕಿಲ್ಲ.

ಗೆಳೆಯನಿಗೆ ಎರಡು ಟೂಲ್‌ಗಳ ಹೆಸರು ಕಳಿಸಿದೆ. ಜೊತೆಗೆ ಬರೆದೆ: "ಮೊದಲ ವಾರ ಎರಡನ್ನೂ ಇನ್‌ಸ್ಟಾಲ್ ಮಾಡಬೇಡ. ಹೋದ ವರ್ಷದ ಮೆಂಟೆನೆನ್ಸ್ ರಿಜಿಸ್ಟರ್ ತಗೊಂಡು ಕೂತ್ಕೋ."

ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ರಿಜಿಸ್ಟರ್‌ನಲ್ಲಿ ಎಲ್ಲಾ ಓಕೆ ಅಂತ ಟಿಕ್ ಹಾಕಿದೆ ಮಗಾ. 365 ದಿನವೂ ಒಂದೇ ಪೆನ್ನು."

ಅವನ ಮರದ ಮೊದಲ ಮೂಲ ಘಟನೆ ಅಲ್ಲೇ ಸಿಕ್ಕಿತು.